ಫ್ರೀಬಿಎಸ್‌ಡಿ ಅಪ್‌ಗ್ರೇಡ್: ಪೋರ್ಟ್ಸ್ ಬಿಟ್ಟು ಪಿಕೆಜಿಗೆ ಬಂದ ನನ್ನ ಅನುಭವ

ನಾನು ಫ್ರೀಬಿಎಸ್‌ಡಿ (ಯೂನಿಕ್ಸ್ ಥರದ ಒಂದು ಆಪರೇಟಿಂಗ್ ಸಿಸ್ಟಮ್) ಶುರು ಮಾಡ್ದಾಗ ಪೋರ್ಟ್‌ಅಪ್‌ಗ್ರೇಡ್ ಅನ್ನೋ ಟೂಲಿನ ಕಾಲ, ಪೋರ್ಟ್ಸ್ (ಪ್ರತಿ ಸಾಫ್ಟ್‌ವೇರನ್ನ ಹೇಗೆ ಕಟ್ಬೇಕು ಅನ್ನೋ ಸೂಚನೆಗಳ ಸಂಗ್ರಹ) ಪ್ರಕಾರ ಸೋರ್ಸ್ ಇಳಿಸ್ಕೊಂಡು ಮಷೀನಲ್ಲೇ ಕಂಪೈಲ್ ಮಾಡೋದು. ಆ ಟೂಲ್ ಬರ್ದಿರೋದೇ ರೂಬಿಯಲ್ಲಿ, ಅದ್ರಿಂದ್ಲೇ ರೂಬಿನ ಅಪ್‌ಗ್ರೇಡ್ ಮಾಡೋದಂದ್ರೆ ಕೂತ ಕೊಂಬೆನೇ ಕಡ್ದ ಹಾಗೆ. ಆಮೇಲೆ ಪೋರ್ಟ್‌ಮಾಸ್ಟರ್ ಹಿಡ್ದೆ, ಅದು ಬರೀ ಶೆಲ್ ಸ್ಕ್ರಿಪ್ಟು, ಬೇರೆ ಯಾವ ಪ್ಯಾಕೇಜೂ ಬೇಡ, ಆಪ್ಷನ್ಸ್ ಎಲ್ಲಾ ಮೊದಲೇ ಕೇಳಿ ಮುಗಿಸತ್ತೆ, ರಾತ್ರಿ ಬಿಲ್ಡ್‌ಗೆ ಹಾಕಿ ಮಲಗಬಹುದಿತ್ತು.

2014ರಲ್ಲಿ ಫ್ರೀಬಿಎಸ್‌ಡಿ 10.0 ಬಂದ್ಮೇಲೆ ಪಿಕೆಜಿನೇ (ಮೊದ್ಲೇ ಕಟ್ಟಿಟ್ಟ ಪ್ಯಾಕೇಜ್‌ಗಳನ್ನ ಇಳಿಸಿ ಹಾಕೋ ಟೂಲ್) ಡೀಫಾಲ್ಟ್. ಈಗ ನಾನು ಮಾಡೋದು ಇಷ್ಟೇ: ಮೊದಲು 'ಪಿಕೆಜಿ ಆಡಿಟ್' ಹೊಡ್ದು ಸೆಕ್ಯುರಿಟಿ ತೂತು ಯಾವ್ದಿದೆ ನೋಡ್ತೀನಿ, ಆಮೇಲೆ ಪೋರ್ಟ್ಸ್ ಟ್ರೀಲಿರೋ 'ಅಪ್‌ಡೇಟಿಂಗ್' ಫೈಲ್ ಓದ್ತೀನಿ. ತಾರೀಖಿನ ಪ್ರಕಾರ, ಹೊಸದು ಮೇಲೆ, ಯಾರಿಗೆ ಅನ್ವಯ ಅಂತ ಪ್ರತಿ ನೋಟಲ್ಲೂ ಇರತ್ತೆ. ಪರ್ಲ್, ಪಿಎಚ್‌ಪಿ, ಪೈಥಾನ್‌ಗಳ ಡೀಫಾಲ್ಟ್ ವರ್ಶನ್ ಬದ್ಲಾದಾಗ ಏನ್ ಮಾಡ್ಬೇಕು ಅಂತ ಇಲ್ಲೇ ಬರ್ದಿರ್ತಾರೆ, ಜನ ಮಾತ್ರ ಓದಲ್ಲ.

ಆಮೇಲೆ 'ಪಿಕೆಜಿ ಅಪ್‌ಗ್ರೇಡ್ ಹೈಫನ್ ಎನ್'. ಇದು ಏನೂ ಇನ್‌ಸ್ಟಾಲ್ ಮಾಡಲ್ಲ, ಲಿಸ್ಟ್ ಮಾತ್ರ ಕೊಡತ್ತೆ. ನನ್ ಕಣ್ಣು ಮೊದ್ಲು ಹೋಗೋದು ಅಪ್‌ಗ್ರೇಡ್ ಆಗೋ ಪ್ಯಾಕೇಜ್ ಮೇಲಲ್ಲ, 'ರಿಮೂವ್ಡ್' ಅಂತ ಬರೋ ಭಾಗದ ಮೇಲೆ. ಯಾವ್ದೋ ಒಂದು ಪೋರ್ಟ್ ಫ್ರೀಬಿಎಸ್‌ಡಿಯವ್ರ ಬಿಲ್ಡ್ ಸರ್ವರ್‌ನಲ್ಲಿ ಫೇಲ್ ಆಗಿದ್ರೆ ರೆಪೊದಲ್ಲಿ (ಪ್ಯಾಕೇಜ್ ಇಳಿಸ್ಕೊಳ್ಳೋ ಸಂಗ್ರಹ) ಅದು ಇರಲ್ಲ, ಆಗ ಪಿಕೆಜಿ ಲೆಕ್ಕ ಹಾಕಿ ಅದನ್ನೂ, ಅದ್ರ ಮೇಲೆ ನಿಂತಿರೋದನ್ನೂ ತೆಗೆದುಬಿಡೋಣ್ವಾ ಅನ್ನತ್ತೆ, ನಿಜವಾದ ಅಪ್‌ಗ್ರೇಡಲ್ಲಿ ನೋಡ್ದೆ 'ವೈ' (ಹೌದು) ಒತ್ತಿದ್ರೆ ವೆಬ್‌ಸರ್ವರೇ ಮಾಯ. ಹಂಗೇನಾದ್ರೂ ಕಂಡ್ರೆ ನಾನು ಸುಮ್ನೆ ಸ್ವಲ್ಪ ದಿನ ಬಿಟ್ಟು ನೋಡ್ತೀನಿ, ಅಷ್ಟೇ.

ಅದೇ ಲಿಸ್ಟಲ್ಲಿ 'ಆಪ್ಷನ್ಸ್ ಚೇಂಜ್ಡ್' ಅಂತಿದ್ರೆ ನೀವು ಪೋರ್ಟ್ಸಿಂದ ನಿಮ್ ಆಪ್ಷನ್ ಹಾಕಿ ಕಟ್ಟಿದ್ನ ಪಿಕೆಜಿ ಡೀಫಾಲ್ಟ್ ಬಿಲ್ಡಿಂದ ಮುಚ್ಚಕ್ಕೆ ಹೊರಟಿದೆ ಅಂತ. 'ಪಿಕೆಜಿ ಲಾಕ್' ಹಾಕಿದ್ರೆ ತಡೀಬಹುದು, ಆದ್ರೆ ಲಾಕ್ ಜಾಸ್ತಿ ಆದಷ್ಟೂ ಡಿಪೆಂಡೆನ್ಸಿ (ಒಂದು ಪ್ಯಾಕೇಜ್ ಇನ್ನೊಂದನ್ನ ನಂಬಿರೋದು) ಸಿಕ್ಕಾಗತ್ತೆ. ಪೋರ್ಟ್ಸ್, ಪಿಕೆಜಿ ಎರಡನ್ನೂ ಬೆರೆಸ್ಬೇಡಿ ಅನ್ನೋದೇ ನನ್ನ ಅಭಿಪ್ರಾಯ. ಸ್ವಂತ ಆಪ್ಷನ್ ಬೇಕೇ ಬೇಕಂದ್ರೆ ಪೌಡ್ರಿಯೇರ್ (ಪ್ಯಾಕೇಜ್‌ಗಳನ್ನ ಒಟ್ಟಿಗೆ ಕಟ್ಟೋ ಟೂಲ್) ಇಟ್ಕೊಂಡು ಜೈಲ್ (ಉಳಿದ ಸಿಸ್ಟಮ್ಮಿಂದ ಬೇರ್ಪಡಿಸಿದ ಜಾಗ) ಒಳಗೆ ನಿಮ್ದೇ ರೆಪೊ ಕಟ್ಕೊಳ್ಳಿ, ಒಂದಿನ ತಲೆ ಬಿಸಿ ಆಗತ್ತೆ, ಆಮೇಲೆ ಆರಾಮ.

ರೆಪೊ ಬಗ್ಗೆ ಹೇಳ್ಬೇಕಂದ್ರೆ ಸರ್ವರ್‌ಗೆ ಕ್ವಾರ್ಟರ್ಲಿ, ಡೆಸ್ಕ್‌ಟಾಪ್‌ಗೆ ಲೇಟೆಸ್ಟ್ (ಯಾವಾಗ್ಲೂ ಹೊಸ ವರ್ಶನ್ ಬರೋದು). ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಲ್ಲಿ ಕ್ವಾರ್ಟರ್ಲಿ ಬ್ರಾಂಚ್ ಬದ್ಲಾಗತ್ತೆ, ದೊಡ್ಡ ಲಿಸ್ಟ್ ಬರೋದು ಆಗ್ಲೇ. ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇದ್ರೆ ವೈ ಒತ್ತೋ ಮುಂಚೆ 'ಬಿಇಸಿಟಿಎಲ್ ಕ್ರಿಯೇಟ್' ಮಾಡಿ (ಈಗಿನ ಸಿಸ್ಟಮ್ಮಿನ ಬೂಟ್ ಆಗೋ ನಕಲು, ಅಂದ್ರೆ ಬೂಟ್ ಎನ್ವಿರಾನ್ಮೆಂಟ್, ಇಟ್ಕೊಳ್ಳೋದು), ಕೈಕೊಟ್ರೆ ಹಳೇ ಎನ್ವಿರಾನ್ಮೆಂಟಿಗೇ ಬೂಟ್ ಆಗ್ಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೇಟಾಗೆ ಮಾತ್ರ ಇದನ್ನ ನಂಬ್ಬೇಡಿ, ಡಂಪ್ (ಡೇಟಾದ ಬ್ಯಾಕಪ್) ಬೇರೆ ತಗೊಳ್ಳಿ.