ನಿಂತು ಮಾಡುವ ಕೆಲಸದಲ್ಲಿ ಬೆನ್ನಿನ ಆಯಾಸವನ್ನು ತಗ್ಗಿಸುವ ಬಗೆ

ದಿನವಿಡೀ ನಿಂತು ದುಡಿಯುವವರನ್ನು ನಿಲ್ಲುವುದಕ್ಕಿಂತ ಹೆಚ್ಚಾಗಿ ದಣಿಸುವುದು ಅಲುಗಾಡದೆ ಒಂದೇ ಭಂಗಿಯಲ್ಲಿ ನಿಲ್ಲುವುದು. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಗೊಳ್ಳುತ್ತ ಕಾಲಿನ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ. ಕದಲದೆ ನಿಂತಾಗ ಈ ಕ್ರಿಯೆ ಕುಂದಿ ರಕ್ತ ಕಾಲಿನಲ್ಲೇ ತಂಗುತ್ತದೆ, ಪಾದಗಳು ಊದಿಕೊಳ್ಳುತ್ತವೆ, ಬೆನ್ನನ್ನು ನೆಟ್ಟಗೆ ಹಿಡಿದಿರುವ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡೇ ಇರುತ್ತವೆ.

ಮೊದಲು ಗಮನಿಸಬೇಕಾದದ್ದು ಮೇಜಿನ ಎತ್ತರ. ಮೇಜು ತಗ್ಗಾಗಿದ್ದು ಗಂಟೆಗಟ್ಟಲೆ ಬಾಗಬೇಕಾದರೆ ಉಳಿದ ಯಾವ ಉಪಾಯವೂ ಹೆಚ್ಚು ಫಲ ಕೊಡುವುದಿಲ್ಲ. ಭುಜಗಳನ್ನು ಸಡಿಲಬಿಟ್ಟು, ಮೊಣಕೈಯನ್ನು ಮಡಿಸಿ ನಿಂತು, ನೆಲದಿಂದ ಮೊಣಕೈವರೆಗಿನ ಎತ್ತರವನ್ನು ಅಳೆದುಕೊಳ್ಳಿ. ಕೈಗಳು ಕೆಲಸ ಮಾಡುವ ಮಟ್ಟವು ಸೂಕ್ಷ್ಮ ಕೆಲಸಕ್ಕೆ ಅದಕ್ಕಿಂತ ಸುಮಾರು 5 ಸೆಂ.ಮೀ. ಮೇಲೆ, ಹಗುರ ಕೆಲಸಕ್ಕೆ 5ರಿಂದ 10 ಸೆಂ.ಮೀ. ಕೆಳಗೆ, ಮೈಭಾರ ಹಾಕಿ ಒತ್ತುವ ಕೆಲಸಕ್ಕೆ 20 ಸೆಂ.ಮೀ. ಅಥವಾ ಇನ್ನೂ ಕೆಳಗೆ ಇರಲಿ. ಇಲ್ಲಿ ಹಲವರು ತಪ್ಪುವುದು ಅಳತೆಯಲ್ಲಿಯೇ: ಲೆಕ್ಕಕ್ಕೆ ಬರುವುದು ಕೈಯ ಮಟ್ಟವೇ ಹೊರತು ಮೇಜಿನ ಮೇಲ್ಮೈಯಲ್ಲ. ಒಂದೇ ಮೇಜನ್ನು ಹಲವರು ಬಳಸುವಲ್ಲಿ ಅದನ್ನು ಎತ್ತರದವರಿಗೆ ಹೊಂದಿಸಿ, ಗಿಡ್ಡನೆಯವರಿಗೆ ಅಲುಗಾಡದ ಅಗಲವಾದ ಹಲಗೆಯನ್ನು ಕಾಲಡಿಗೆ ಕೊಡುವುದು ಸರಿಯಾದ ಕ್ರಮ. ಪದೇ ಪದೇ ಬೇಕಾಗುವ ವಸ್ತುಗಳು ಮೈ ತಿರುಚದೆ, ಮುಂದಕ್ಕೆ ಬಾಗದೆ ಕೈಗೆ ಸಿಗುವಷ್ಟು ಹತ್ತಿರವಿರಬೇಕು.

ಸುಮಾರು 10ರಿಂದ 15 ಸೆಂ.ಮೀ. ಎತ್ತರದ ಮಣೆಯೊಂದನ್ನು ಮೇಜಿನಡಿ ಇಟ್ಟು ಒಂದು ಪಾದವನ್ನು ಅದರ ಮೇಲೂರಿದರೆ, ಸೊಂಟದ ಅತಿಯಾದ ಒಳಬಾಗು ಕಡಿಮೆಯಾಗಿ ಕೆಳಬೆನ್ನಿಗೆ ಬಿಡುವು ದೊರೆಯುತ್ತದೆ. ಕೆಲವು ನಿಮಿಷಗಳಿಗೊಮ್ಮೆ ಪಾದವನ್ನು ಬದಲಿಸಬೇಕು. ಒಂದೇ ಕಾಲಿನ ಮೇಲೆ ಭಾರ ಹಾಕಿ ಸೊಂಟ ಓರೆಯಾಗಿಸಿ ನಿಲ್ಲುವ ಅಭ್ಯಾಸ ಇದಕ್ಕೆ ಬದಲಿಯಲ್ಲ. ಮೊಣಕಾಲುಗಳನ್ನು ಹಿಂದಕ್ಕೆ ಸೆಟೆಸದೆ ತುಸು ಸಡಿಲವಾಗಿಡಿ.

ಗಟ್ಟಿ ನೆಲದ ಮೇಲೆ ರಬ್ಬರಿನ ಮ್ಯಾಟ್ ಹಾಸುವುದು ಒಳ್ಳೆಯದು, ಆದರೆ ಕಾಲು ಹೂತುಹೋಗುವಷ್ಟು ಮೆತ್ತನೆಯದು ದಣಿವನ್ನೇ ಹೆಚ್ಚಿಸುತ್ತದೆ. ಅಂಚು ಇಳಿಜಾರಾಗಿರದಿದ್ದರೆ ಎಡವುವ ಅಪಾಯವೂ ಉಂಟು. ಪಾದಗಳು ಸಂಜೆಯ ಹೊತ್ತಿಗೆ ತುಸು ಊದಿರುವುದರಿಂದ ಶೂಗಳನ್ನು ಆ ಹೊತ್ತಿನಲ್ಲೇ ಹಾಕಿ ನೋಡಿ ಖರೀದಿಸಿ.

ನೋವು ಆರಂಭವಾಗುವ ಮೊದಲೇ, ಅರ್ಧ ಗಂಟೆಗೊಮ್ಮೆಯಾದರೂ ನಾಲ್ಕು ಹೆಜ್ಜೆ ನಡೆಯಿರಿ, ಹಿಮ್ಮಡಿಗಳನ್ನು ಹತ್ತು ಬಾರಿ ಎತ್ತಿ ಇಳಿಸಿ, ಅವಕಾಶವಿದ್ದಲ್ಲಿ ಕುಳಿತುಕೊಳ್ಳಿ. ಕುಳಿತು ಮಾಡಬಹುದಾದ ಕೆಲಸಕ್ಕೆ ಸ್ಟೂಲ್ ಒದಗಿಸುವುದನ್ನು ಮೇಲ್ವಿಚಾರಕರು ಸೋಮಾರಿತನಕ್ಕೆ ಎಡೆಯೆಂದು ಭಾವಿಸಬಾರದು.

ನೋವು ಕಾಲಿಗೆ ಹರಿದರೆ, ಪಾದ ಮರಗಟ್ಟಿದರೆ ಅಥವಾ ಬಲಗುಂದಿದರೆ ವೈದ್ಯರನ್ನು ಕಾಣಿರಿ. ಮಲಮೂತ್ರಗಳ ಮೇಲಿನ ಹಿಡಿತ ತಪ್ಪಿದರೆ ಅದೇ ಕ್ಷಣ ಆಸ್ಪತ್ರೆಗೆ ಹೋಗಬೇಕು.