ಆಗಸ್ಟ್ ಬಿಸಿಲಲ್ಲಿ ದುಬೈ: ಮೂರನೇ ಸಲಕ್ಕೆ ಲೆಕ್ಕ ಕೂಡಿಬಂತು

ಆಗಸ್ಟ್‌ನಲ್ಲಿ ದುಬೈಗೆ ಬರ್ತೀವಿ ಅಂದಾಗ ಅಲ್ಲಿನ ಕರಾಮಾ ಏರಿಯಾದಲ್ಲಿ ಹನ್ನೆರಡು ವರ್ಷದಿಂದ ಇರೋ ನಮ್ಮ ಭಾವ ಫೋನಲ್ಲಿ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ "ಲೋ, ಆ ತಿಂಗಳು ನಾವೇ ಹೆಂಡ್ತಿ ಮಕ್ಕಳನ್ನ ಊರಿಗೆ ಓಡಿಸ್ತೀವಿ, ನೀನು ದುಡ್ಡು ಕೊಟ್ಟು ಇಲ್ಲಿಗೆ ಬರ್ತೀಯೇನೋ" ಅಂದ್ರು. ಅಕ್ಕ ಹಿಂದಿನಿಂದ "ಹೋದ್ಸಲ ಆಸ್ಪತ್ರೆ ನೋಡಿದ್ದು ಸಾಲ್ದಂತಾ" ಅಂತ ಕೂಗಿದ್ದೂ ಕೇಳಿಸ್ತು. ಆಫೀಸಲ್ಲೂ ಅದೇ ಕಥೆ. ಈಗ ಹೋಗಿ ಬಂದಾಗಿದೆ, ಆರು ರಾತ್ರಿ, ಸಮುದ್ರದ ಪಕ್ಕದ ಫೈವ್ ಸ್ಟಾರ್ ಹೋಟ್ಲು, ಇಬ್ಬರಿಗೂ ಒಂದು ತಲೆನೋವೂ ಬರ್ಲಿಲ್ಲ (ನೆಗಡಿ ಬಂತು, ಅದು ಬೇರೆ ವಿಷಯ, ಹೇಳ್ತೀನಿ), ಅದಕ್ಕೇ ಬರೀತಿದೀನಿ.

ದುಬೈ ಅಂದ್ರೆ ಏನೇನಿದೆ ಅಂತ ನಿಮಗೆಲ್ಲ ಗೊತ್ತಿರೋದೇ, ಪಟ್ಟಿ ಹಾಕೋಕೆ ಹೋಗಲ್ಲ. ಮೊದಲು ನಾನು ಸೋತಿದ್ದು ಹೇಳ್ತೀನಿ.

ಮೊದಲನೇ ಸಲ 2018ರ ಡಿಸೆಂಬರ್. ಎಲ್ಲರೂ ಹೇಳೋ ಸೀಸನ್. ಹೋಟ್ಲು ರಾತ್ರಿಗೆ 1,850 ದಿರ್ಹಮ್ ಆಸುಪಾಸು, ಐದು ರಾತ್ರಿ. ನಾನು ಆ್ಯಪ್‌ನಲ್ಲಿ ಕಂಡ ರೇಟೇ ಕೊನೆ ರೇಟು ಅಂದ್ಕೊಂಡಿದ್ದೆ. ಅದರ ಮೇಲೆ ಮುನಿಸಿಪಾಲಿಟಿ ಫೀ 7%, ಸರ್ವಿಸ್ ಚಾರ್ಜ್ 10%, ವ್ಯಾಟ್ 5%, ಇದಲ್ಲದೆ ಟೂರಿಸಂ ದಿರ್ಹಮ್ ಅಂತ ಫೈವ್ ಸ್ಟಾರ್ ರೂಮಿಗೆ ರಾತ್ರಿಗೆ 20. ಹತ್ತಿರ ಕಾಲು ಭಾಗ ಮೇಲೇ ಬಿತ್ತು, ಹೋಟ್ಲಿಗೇ 11,400 ಆಸುಪಾಸು ಹೋಯ್ತು. ಸಾಲ್ದು ಅಂತ ಡೆಪಾಸಿಟ್‌ಗೆ ಡೆಬಿಟ್ ಕಾರ್ಡ್ ಕೊಟ್ಟೆ, ಬುದ್ಧಿವಂತ. ರಾತ್ರಿಗೆ 500ರ ಲೆಕ್ಕದಲ್ಲಿ 2,500 ಎಳ್ಕೊಂಡ್ರು, ವಾಪಸ್ ಬರೋಕೆ ಮೂರು ವಾರ ಹಿಡೀತು, ಅಷ್ಟರಲ್ಲಿ ನಾನು ಊರಲ್ಲಿ ಸಾಲ ಮಾಡಿ ಇಎಂಐ ಕಟ್ಟಿದ್ದೆ. ಕ್ರೆಡಿಟ್ ಕಾರ್ಡಾದ್ರೆ ಬರೀ ಬ್ಲಾಕ್ ಆಗುತ್ತೆ, ಜೇಬಿಂದ ಹೋಗಲ್ಲ, ಇದು ಆಮೇಲೆ ಗೊತ್ತಾಗಿದ್ದು.

ಇಷ್ಟು ಕೊಟ್ಟು ನೋಡಿದ್ದೇನು? ಜನ. ಬುರ್ಜ್ ಖಲೀಫಾ 124ನೇ ಫ್ಲೋರಿಗೆ ಸೂರ್ಯಾಸ್ತದ ಹೊತ್ತಿನ ದುಬಾರಿ ಸ್ಲಾಟ್ ತಗೊಂಡು ಒಂದು ಗಂಟೆ ಲೈನಲ್ಲಿ ನಿಂತ್ವಿ, ಮೇಲೆ ಹೋದ್ರೆ ಗಾಜಿನ ಹತ್ತಿರ ಹೋಗೋಕೆ ಸೆಲ್ಫಿಯವರು ಬಿಡ್ಲಿಲ್ಲ. ಅದರ ಬುಡದಲ್ಲಿರೋ ಫೌಂಟನ್ ಅಂತೂ ಯಾರೋ ಪುಣ್ಯಾತ್ಮ ಎತ್ತಿ ಹಿಡಿದಿದ್ದ ಮೊಬೈಲ್ ಸ್ಕ್ರೀನಲ್ಲೇ ನೋಡಿದ್ದು.

ಎರಡನೇ ಸಲ 2022ರ ಜುಲೈ. ಬೇಸಿಗೇಲಿ ರೇಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತ ಗೊತ್ತಾಗಿತ್ತು, ಕಣ್ಣು ಮುಚ್ಕೊಂಡು ಬುಕ್ ಮಾಡ್ದೆ. ಆದ್ರೆ ಹಳೇ ಟೈಮ್‌ಟೇಬಲ್ಲೇ ಇಟ್ಕೊಂಡು ಹೋದೆ, ಹತ್ತಕ್ಕೆ ಹೊರಗೆ, ಮಧ್ಯಾಹ್ನ ಸುತ್ತಾಟ. ಎರಡನೇ ದಿನ ಎರಡು ಗಂಟೆ ಬಿಸಿಲಲ್ಲಿ ಮೆಟ್ರೋ ಇಳಿದು ಅಲ್ ಫಾಹಿದಿ ಕಡೆ ನಡೆದ್ವಿ, ಹಳೇ ಮನೆಗಳ ಮೇಲೆ ಗಾಳಿ ಹಿಡಿಯೋಕೆ ಕಟ್ಟಿರೋ ಗೋಪುರ ನೋಡೋಣ ಅಂತ. ಮೂರನೇ ಗಲ್ಲೀಲಿ ಹೆಂಡ್ತಿ ಗೋಡೆ ಹಿಡ್ಕೊಂಡು ಕೂತ್ಬಿಟ್ಲು. ಕ್ಲಿನಿಕ್ಕು, ಗ್ಲೂಕೋಸು, 600 ದಿರ್ಹಮ್ ಬಿಲ್ಲು, ಇನ್ನುಳಿದ ಮೂರು ದಿನ ರೂಮಲ್ಲಿ ಟಿವಿ. ಕ್ಯಾಮರಾನೂ ಸಹ ಎಸಿಯಿಂದ ಹೊರಗೆ ತೆಗೆದ ತಕ್ಷಣ ಮಂಜು ಹಿಡಿದು, ಇಡೀ ಟ್ರಿಪ್ಪಿನ ಅರ್ಧ ಫೋಟೋ ಹಾಲಿನೊಳಗೆ ಅದ್ದಿದ ಹಾಗೆ ಬಂದಿವೆ.

ಆದ್ರೆ ಆ ಸಲವೇ ಒಂದು ವಿಷಯ ತಲೆಗೆ ಹೊಕ್ಕಿದ್ದು. ಕ್ಲಿನಿಕ್ಕಿಂದ ವಾಪಸ್ ಬರ್ತಾ ಒಂದು ಬಿಲ್ಡಿಂಗ್ ಸೈಟಲ್ಲಿ ಒಬ್ಬರೂ ಕೆಲಸ ಮಾಡ್ತಿರ್ಲಿಲ್ಲ, ಎಲ್ಲ ನೆರಳಲ್ಲಿ ಮಲಗಿದ್ರು. ಭಾವ ಹೇಳಿದ್ರು, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ ಅಂತ ಸರ್ಕಾರದ ರೂಲ್ಸು. ಸಂಬಳ ಕೊಟ್ಟು ಮಾಡಿಸಬಾರದು ಅಂತಿರೋ ಹೊತ್ತಲ್ಲಿ ನಾನು ಕೈಯಿಂದ ದುಡ್ಡು ಹಾಕಿ ನಡೀತಿದ್ನಲ್ಲ ಅನ್ನಿಸ್ತು.

ಸರಿ, ಮೂರನೇ ಸಲ, 2024ರ ಆಗಸ್ಟ್ 20ರಿಂದ 26. ಹೋಟ್ಲು ರಾತ್ರಿಗೆ 620, ತಿಂಡಿ ಸೇರಿ. ಡಿಸೆಂಬರಲ್ಲಿ ಇದೇ ಸಾಲಿನ ಹೋಟ್ಲು ಎಷ್ಟು ಅಂತ ಮೇಲೆ ಬರೆದಿದೀನಿ. ಈ ಸಲ ಬದಲಾಯಿಸಿದ್ದು ಒಂದೇ, ಗಡಿಯಾರ. ನಾವು ಅಲ್ಲಿ ನೈಟ್ ಶಿಫ್ಟ್ ಮಾಡಿದ್ವಿ. ಮೂರೂವರೆಗೆ ಏಳೋದು, ನಾಲ್ಕೂವರೆಗೆ ಹೊರಗೆ, ಒಂಬತ್ತರೊಳಗೆ ವಾಪಸ್, ಹತ್ತೂವರೆ ತನಕ ಇರೋ ಹೋಟ್ಲು ತಿಂಡೀನ ಹತ್ತು ಗಂಟೆಗೆ ಊಟದ ಹಾಗೆ ತಿನ್ನೋದು, ದಪ್ಪ ಕರ್ಟನ್ ಎಳೆದು ನಾಲ್ಕರವರೆಗೆ ನಿದ್ದೆ, ಐದಕ್ಕೆ ಮಾಲು ಮ್ಯೂಸಿಯಂ ಥರ ಒಳಗಿನ ಜಾಗ, ಏಳು ದಾಟಿದ ಮೇಲೆ ಬಯಲು, ಹನ್ನೊಂದೂವರೆಗೆ ಮತ್ತೆ ಹಾಸಿಗೆ. ಕೇಳೋಕೆ ಹುಚ್ಚು ಅನ್ಸುತ್ತೆ. ಆದ್ರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅವರ ಮೂರೂವರೆ ಅಂದ್ರೆ ನಮ್ಮ ಐದು. ನಮ್ಮಿಬ್ಬರಿಗೂ ಐದಕ್ಕೆ ಏಳೋ ಅಭ್ಯಾಸ, ಹಾಗಾಗಿ ಕೈಗಡಿಯಾರ ತಿರುಗಿಸಲೇ ಇಲ್ಲ, ಊರಿನ ಟೈಮಲ್ಲೇ ಇಟ್ಕೊಂಡ್ವಿ. ಮೊದಲೆರಡು ದಿನ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತಲಿಲ್ಲ, ಮೂರನೇ ದಿನದಿಂದ ಗೊರಕೆ.

ರೂಮ್ ಅಪ್‌ಗ್ರೇಡೂ ಸಿಕ್ತು, ಸೀ ವ್ಯೂ, ಒಂದು ಪೈಸೆ ಕೊಡದೆ. ಹದಿನೈದು ದಿನ ಮುಂಚೆ ಹೋಟ್ಲಿಗೆ ಒಂದು ಮೇಲ್ ಹಾಕಿದ್ದೆ. ಅದರಲ್ಲಿ ಏನು ಬರೆದೆ ಅಂತ ಮಾತ್ರ ಕೇಳ್ಬೇಡಿ, ಎಲ್ಲರೂ ಅದನ್ನೇ ಕಳಿಸಿದ್ರೆ ಮುಂದಿನ ಸಲ ನನಗೇ ಸಿಗಲ್ಲ. ಹನಿಮೂನ್ ಅಂತ ಸುಳ್ಳು ಹೇಳಿಲ್ಲ, ಅಷ್ಟು ಹೇಳ್ತೀನಿ.

ಇಡೀ ಟ್ರಿಪ್ಪಲ್ಲಿ ದುಡ್ಡು ವಸೂಲಾಗಿದ್ದು ಮರುಭೂಮಿಯ ಬೆಳಗ್ಗೇಲಿ. ಸಾಯಂಕಾಲದ ಸಫಾರಿ, ಬೆಲ್ಲಿ ಡ್ಯಾನ್ಸು, ಬಫೆ, ಅದನ್ನ ಮೊದಲ ಸಲವೇ ಮಾಡಿದ್ವಿ, ವಾಂತಿನೂ ಮಾಡಿದ್ವಿ. ಈ ಸಲ ದುಬೈ ಡೆಸರ್ಟ್ ಕನ್ಸರ್ವೇಶನ್ ರಿಸರ್ವ್ ಒಳಗೆ, 225 ಚದರ ಕಿಲೋಮೀಟರ್ ಬೇಲಿ ಹಾಕಿ ಕಾಪಾಡಿರೋ ಜಾಗ, ಒಳಗೆ ಬಿಡೋದಕ್ಕೆ ಪರ್ಮಿಟ್ ಇರೋ ಒಂದು ಕಂಪನಿ ಗಾಡಿ, ನಾವಿಬ್ಬರೇ, 900 ದಿರ್ಹಮ್ ಆಯ್ತು. ಐದೂಕಾಲಿಗೆ ಡ್ರೈವರು ಟಾರ್ ಬಿಟ್ಟು ನಿಲ್ಲಿಸಿ, ಮರಳಲ್ಲಿ ಹೂತ್ಕೊಳ್ಳದೇ ಇರ್ಲಿ ಅಂತ ಒಂದೊಂದೇ ಟೈರಿನ ವಾಲ್ವಿಗೆ ಕಡ್ಡಿ ಒತ್ತಿ ಗಾಳಿ ಬಿಟ್ಟ, ಆ ಕತ್ತಲಲ್ಲಿ ಸುಯ್ ಅನ್ನೋದೊಂದೇ ಸದ್ದು. ನಾನು ಚಪ್ಪಲಿ ಬಿಟ್ಟು ಮರಳಲ್ಲಿ ಕಾಲಿಟ್ಟೆ, ತಣ್ಣಗಿತ್ತು! ಆಗಸ್ಟ್ ಮರಳು ತಣ್ಣಗಿರುತ್ತೆ ಅಂತ ನಾನೂ ನಂಬಿರ್ಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ದಿಬ್ಬದ ಮೇಲೆಲ್ಲ ಹೆಜ್ಜೆ ಗುರುತು, ಹುಳದ್ದು, ಹಲ್ಲಿದು, ನರಿದು ಇರಬೇಕು ಅಂದ ಡ್ರೈವರು. ಗಾಳಿ ಎದ್ದ ಮೇಲೆ ಅದೆಲ್ಲ ಅಳಿಸಿ ಹೋಗುತ್ತೆ, ಹತ್ತು ಗಂಟೆಗೆ ಬರೋರಿಗೆ ಬರೀ ಮರಳು ಕಾಣುತ್ತೆ.

ಓರಿಕ್ಸ್ ಅನ್ನೋ ಜಿಂಕೆ ಥರದ ಪ್ರಾಣಿ ನೋಡಿದ್ವಿ, ಎಂಟೋ ಒಂಬತ್ತೋ ಇದ್ವು, ಬಿಳೀ ಮೈ, ನೆಟ್ಟಗೆ ಉದ್ದ ಕೊಂಬು. 1972ರಲ್ಲಿ ಕಾಡಲ್ಲಿ ಒಂದೂ ಉಳಿದಿರ್ಲಿಲ್ಲ, ಜೂಗಳಲ್ಲಿ ಸಾಕಿದ್ದನ್ನ ಬೆಳೆಸಿ ಮತ್ತೆ ಬಿಟ್ಟಿದ್ದು ಇವೆಲ್ಲ. ಒಂದು ಮರದ ಕೆಳಗೆ ಗೊರಸಲ್ಲಿ ಮರಳು ಕೆದರಿ ಗುಂಡಿ ಮಾಡ್ಕೊಂಡು ಕೂತಿದ್ವು, ಕೆಳಗಿನ ಮರಳು ತಂಪು ಅಂತ. ಮರದ ಹೆಸರು ಘಾಫ್, ಅವರ ರಾಷ್ಟ್ರೀಯ ಮರ ಅಂದ ಡ್ರೈವರು. ಎಲೆ ಮುಳ್ಳು ನೋಡಿ ಹೆಂಡ್ತಿ "ರೀ, ಇದು ನಮ್ಮ ಬನ್ನಿ ಅಲ್ವಾ" ಅಂದ್ಲು. ರೂಮಿಗೆ ಬಂದು ಹುಡುಕಿದ್ರೆ ಹೌದು, ಅದೇ ಶಮೀ ವೃಕ್ಷ. ದಸರಾಕ್ಕೆ ಎಲೆ ಹಂಚ್ಕೊಂಡು ಬಂಗಾರ ಅಂತೀವಲ್ಲ, ಅದು ಚಿನ್ನದ ಊರಲ್ಲಿ ಜಿಂಕೆಗೆ ನೆರಳು ಕೊಡ್ತಾ ನಿಂತಿದೆ.

ಇನ್ನೊಂದು ಆಸೆ ಇತ್ತು, ಅದು ಕೈಕೊಡ್ತು. ಆಗಸ್ಟ್ 24ರ ಹೊತ್ತಿಗೆ ಸುಹೈಲ್ ಅನ್ನೋ ನಕ್ಷತ್ರ ಬೆಳಗಿನ ಜಾವ ದಕ್ಷಿಣದಲ್ಲಿ ಮತ್ತೆ ಕಾಣೋಕೆ ಶುರುವಾಗುತ್ತೆ, ಅದು ಬಂತು ಅಂದ್ರೆ ಸೆಖೆ ಇಳಿಯುತ್ತೆ ಅಂತ ಅರಬರ ಲೆಕ್ಕ. ಅದು ನಮ್ಮ ಅಗಸ್ತ್ಯ ನಕ್ಷತ್ರವೇ. ಅದಕ್ಕೇ ಈ ತಾರೀಕು ಹಿಡಿದಿದ್ದೆ. ಆದ್ರೆ ನೂಲು ಹುಣ್ಣಿಮೆ ಕಳೆದು ಐದೇ ದಿನ, ಚಂದ್ರ ಆಕಾಶದಲ್ಲೇ, ಅಂಚಲ್ಲೆಲ್ಲ ಧೂಳು. ನನಗೆ ಏನೂ ಕಾಣ್ಲಿಲ್ಲ, ಹೆಂಡ್ತಿ ನೋಡ್ದೆ ಅಂತಾಳೆ, ನಾನು ವಾದಕ್ಕೆ ಹೋಗಲ್ಲ.

ಇದರ ಮಧ್ಯೆ ಒಂದು ಕೋತಿ ಕೆಲಸ. ಭಾವನ ಪರಿಚಯದ ಎಸಿ ಮೆಕ್ಯಾನಿಕ್ ಹತ್ತಿರ ಟೆಂಪರೇಚರ್ ಗನ್ ಕಡ ತಗೊಂಡಿದ್ದೆ. ಬೆಳಗ್ಗೆ ಐದೂವರೆಗೆ ಮರಳು 29, ಎಂಟೂವರೆಗೆ 46-47, ಹೋಟ್ಲು ಬೀಚಲ್ಲಿ ಮಧ್ಯಾಹ್ನ ಒಂದಕ್ಕೆ 63. ಅರವತ್ತಮೂರು ಅಂದ್ರೆ ಮೊಟ್ಟೆ ಬೇಯಬೇಕಲ್ಲ ಅಂತ ಅಂಗಡಿಯಿಂದ ತಂದು ನಾಲ್ಕಿಂಚು ಕೆಳಗೆ ಹೂತಿಟ್ಟೆ. ಒಂದು ಗಂಟೆ ಬಿಟ್ಟು ಒಡೆದ್ರೆ ಬಿಳಿ ಭಾಗ ಸ್ವಲ್ಪ ಮಬ್ಬಾಗಿತ್ತು ಅಷ್ಟೇ, ಮೇಲಿನ ಎರಡು ಬೆರಳಷ್ಟು ಮರಳು ಮಾತ್ರ ಕೆಂಡ, ಕೆಳಗೆ ಇಲ್ಲ. ಓರಿಕ್ಸ್‌ಗೆ ಗೊತ್ತಿರೋದು ನನಗೆ ಗೊತ್ತಿರ್ಲಿಲ್ಲ. ಬೀಚ್ ಅಟೆಂಡರ್ ನೋಡಿದ ನೋಟ ಇನ್ನೂ ಕಣ್ಮುಂದಿದೆ.

ಸಮುದ್ರ ನೆಚ್ಕೊಂಡು ಹೋಗ್ಬೇಡಿ, ಆ ತಿಂಗಳು ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತೆ. ಹೋಟ್ಲು ಪೂಲ್ ನೀರನ್ನ ಅವರು ತಣ್ಣಗೆ ಮಾಡಿಟ್ಟಿರ್ತಾರೆ, ಬುಕ್ ಮಾಡೋಕೆ ಮುಂಚೆ ಅದೊಂದು ಕೇಳ್ಕೊಳ್ಳಿ. ರಾತ್ರಿ ಬೇಕಿದ್ರೆ ಉಮ್ ಸುಖೀಮ್ ಬೀಚಿದೆ, ರಾತ್ರಿ ಈಜೋರಿಗೆ ಅಂತಲೇ ದೊಡ್ಡ ಲೈಟು ಹಾಕಿದಾರೆ, ಫ್ರೀ, ಎದುರಿಗೆ ಬುರ್ಜ್ ಅಲ್ ಅರಬ್ ಹೋಟ್ಲು. ಅದರ ಒಳಗಿನ ಟೂರೂ ಮಾಡಿದ್ವಿ, ತಲೆಗೆ ಹತ್ತಿರ 400, ಗೋಡೆ ಕಂಬಕ್ಕೆಲ್ಲ 24 ಕ್ಯಾರೆಟ್ ಚಿನ್ನದ ರೇಕು. ಹೆಂಡ್ತಿಗೆ ಇಷ್ಟ ಆಯ್ತು. ನನಗೆ ಹೊರಗಿನ ಬೀಚಿಂದಲೇ ಚೆಂದ ಅನ್ನಿಸ್ತು.

ಬುರ್ಜ್ ಖಲೀಫಾ ಈ ಸಲ ರಾತ್ರಿ ಒಂಬತ್ತೂವರೆಗೆ. ಇಬ್ಬರಿಗೂ ಸೇರಿ 360 ಚಿಲ್ಲರೆ. ಬೇಸಿಗೇಲಿ ಹಗಲು ಮೇಲೆ ಹೋಗೋದು ದಂಡ, ಧೂಳಿನ ಮಬ್ಬಲ್ಲಿ ಸಮುದ್ರವೂ ಕಾಣಲ್ಲ, ರಾತ್ರಿ ದೀಪ ಕಾಣುತ್ತೆ. ಇಳಿದು ಬಂದ್ರೆ ಫೌಂಟನ್ ಅರ್ಧ ಗಂಟೆಗೊಂದು ಸಲ, ಸೆಖೆಗೆ ಹೆದರಿ ಜನವೆಲ್ಲ ಮಾಲ್ ಒಳಗೆ, ಕಟಕಟೆ ಹಿಡ್ಕೊಂಡು ಮುಂದಿನ ಸಾಲಲ್ಲಿ ನಿಂತು ನೋಡಿದ್ವಿ, ತುಂತುರು ಮುಖಕ್ಕೆ ಬಿತ್ತು. ಮೆಟ್ರೋದಲ್ಲಿ ಗೋಲ್ಡ್ ಕ್ಲಾಸ್ ಕಾರ್ಡ್ ಮಾಡಿಸ್ಕೊಂಡಿದ್ವಿ, ಮಾಮೂಲಿಗಿಂತ ಡಬಲ್ ಚಾರ್ಜು, ಆದ್ರೂ ಟ್ಯಾಕ್ಸಿ ಮುಂದೆ ಏನೂ ಅಲ್ಲ, ಮುಂದಿನ ಗಾಜಿನ ಹತ್ತಿರ ಸೀಟು ಸಿಕ್ಕಿದ್ರೆ ಶೇಖ್ ಝಾಯೆದ್ ರೋಡ್ ಪೂರ್ತಿ ನಿಮ್ಮದೇ. ಆಮೇಲೆ ಊರೊಳಗೆ ನುಗ್ಗಿರೋ ಸಮುದ್ರದ ನೀರು, ಕ್ರೀಕಲ್ಲಿ ರಾತ್ರಿ ಅಬ್ರಾ ದೋಣಿ, ಒಂದೇ ಒಂದು ದಿರ್ಹಮ್. ಆರು ದಿನದಲ್ಲಿ ಅದರಲ್ಲಿ ಏಳೆಂಟು ಸಲ ಆಚೆ ಈಚೆ ಹೋಗಿದೀವಿ, ಸುಮ್ಮನೆ.

ಅಬುಧಾಬಿಯ ಶೇಖ್ ಝಾಯೆದ್ ಮಸೀದಿನೂ ಸಂಜೆಯೇ ಹೋಗ್ಬೇಕು. ದುಬೈನ ಇಬ್ನ್ ಬತೂತಾ ಸ್ಟಾಪಿಂದ ಬಸ್ಸಿಗೆ 25, ಮಸೀದಿ ಫ್ರೀ, ಆನ್‌ಲೈನಲ್ಲಿ ಹೆಸರು ಬರೆಸ್ಕೊಂಡಿರಬೇಕು. ಅಲ್ಲಿ ಗೋಡೆ ಮೇಲಿನ ಬೆಳಕು ಚಂದ್ರನ ಲೆಕ್ಕದಲ್ಲಿ ಬದಲಾಗುತ್ತೆ, ಹುಣ್ಣಿಮೆ ಹತ್ತಿರ ಬಿಳಿ, ಅಮಾವಾಸ್ಯೆ ಕಡೆಗೆ ನೀಲಿ. ನಕ್ಷತ್ರ ಕೆಡಿಸಿದ ಚಂದ್ರ ಇಲ್ಲಿ ಸಾಲ ತೀರಿಸ್ದ.

ನೆಗಡಿ ವಿಷಯ. ಒಂದು ಮಧ್ಯಾಹ್ನ ನಿದ್ದೆ ಬಿಟ್ಟು ಮಾಲ್ ಒಳಗೇ ಹಿಮ ಹಾಕಿಟ್ಟಿರೋ ಸ್ಕೀ ದುಬೈಗೆ ಹೋದ್ವಿ, ಹೊರಗೆ 44, ಒಳಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಪೆಂಗ್ವಿನ್ ನೋಡಿ ಖುಷಿಯಾಗಿ ಜಾಕೆಟ್ ಬಿಚ್ಚಿ ಸೀದಾ ರೋಡಿಗೆ ಬಂದ್ವಿ. ಮಾರನೇ ದಿನ ಇಬ್ಬರದೂ ಮೂಗು ಸೋರ್ತಿತ್ತು. ಮಾಲಲ್ಲೇ ಅರ್ಧ ಗಂಟೆ ಕೂತು ಹೊರಗೆ ಬರಬೇಕಿತ್ತು. ಕ್ಯಾಮರಾಗೂ ಅದೇ ಔಷಧಿ, ಜಿಪ್ ಕವರಲ್ಲಿ ಹಾಕಿ ಹೊರಡೋಕೆ ಅರ್ಧ ಗಂಟೆ ಮುಂಚೆ ಬಾಲ್ಕನೀಲಿ ಇಟ್ರೆ ಮಂಜು ಹಿಡಿಯಲ್ಲ. ಫೌಂಟನ್ ಫೋಟೋ ಎಲ್ಲಿಂದ ತೆಗೆದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರ್ಲಿ.

ಬೇಸಿಗೇಲಿ ಸಿಗದೇ ಇರೋದೂ ಇದೆ, ಬಲೂನ್ ಹಾರಾಟ ಇಲ್ಲ, ಹೂವಿನ ತೋಟ ಮಿರಾಕಲ್ ಗಾರ್ಡನ್, ಜಾತ್ರೆ ಥರದ ಗ್ಲೋಬಲ್ ವಿಲೇಜ್ ಎರಡೂ ಬಂದ್. ಮಕ್ಕಳಿದ್ರೆ ಈ ಟೈಮ್‌ಟೇಬಲ್ ನಡೆಯುತ್ತಾ ನನಗೆ ಅನುಮಾನ.

ಒಟ್ಟು ಖರ್ಚು ಇಬ್ಬರಿಗೆ ಹತ್ತೂವರೆಯಿಂದ ಹನ್ನೊಂದು ಸಾವಿರ ದಿರ್ಹಮ್, ಫ್ಲೈಟೂ ಸೇರಿ. ಮೊದಲ ಸಲ ಬರೀ ಹೋಟ್ಲಿಗೇ ಅದಕ್ಕಿಂತ ಜಾಸ್ತಿ ಹೋಗಿತ್ತು. ಇದರಲ್ಲೂ ಒಂದು ಕಡೆ ಕೈ ಸುಟ್ಕೊಂಡೆ. ಆ ವರ್ಷ ಅಲ್ಲಿ ಸ್ಕೂಲು ಆಗಸ್ಟ್ 26ಕ್ಕೆ ಶುರುವಾಗಿತ್ತು, ಊರಿಗೆ ಹೋದ ಫ್ಯಾಮಿಲಿಗಳೆಲ್ಲ ಅದೇ ವಾರ ವಾಪಸ್ ಹೋಗ್ತಿದ್ರು, ಹೋಗೋ ಟಿಕೆಟ್ ತಲೆಗೆ 900, ಬರೋದು 400. ಆಗಸ್ಟ್ ಮೊದಲ ವಾರ, ಅಮಾವಾಸ್ಯೆ ಹತ್ತಿರ ಹೋಗಿದ್ರೆ ಟಿಕೆಟ್ಟೂ ಉಳೀತಿತ್ತು, ಆಕಾಶನೂ ಕಪ್ಪಗಿರ್ತಿತ್ತು. ಅಗಸ್ತ್ಯ ಆಗ ಸಿಗಲ್ಲ, ಅದೇ ತೊಂದರೆ.

ಕೊನೇ ದಿನ ಅಕ್ಕನ ಮನೇಲಿ ಊಟ. ಕೈ ತೊಳೆಯೋಕೆ ತಣ್ಣೀರಿನ ನಲ್ಲಿ ತಿರುಗಿಸ್ದೆ, ಬೆರಳು ಸುಡ್ತು, ಟ್ಯಾಂಕಿ ಇರೋದು ಟೆರೇಸಲ್ಲಿ. ಭಾವ ನಕ್ಕು "ಬಿಸಿನೀರಿನ ನಲ್ಲಿ ಬಿಡೋ" ಅಂದ್ರು. ಬೇಸಿಗೇಲಿ ಗೀಸರ್ ಆಫ್ ಮಾಡಿಟ್ಟಿರ್ತಾರೆ, ಅದರೊಳಗಿನ ನೀರು ಎಸಿ ಮನೇಲಿ ನಿಂತು ತಣ್ಣಗಾಗಿರುತ್ತೆ. ಹನ್ನೆರಡು ವರ್ಷದಿಂದ ಹಗಲು ರಾತ್ರಿ ಉಲ್ಟಾ ಮಾಡ್ಕೊಂಡು ಬದುಕ್ತಿರೋರು ಅವರೇ, ನನಗೆ ಹೇಳಿರ್ಲಿಲ್ಲ ಅಷ್ಟೇ. ಹೊರಡೋವಾಗ ಬಾಗಿಲ ಹತ್ತಿರ ಮೆಲ್ಲಗೆ ಕೇಳಿದ್ರು, ಆ ಹೋಟ್ಲಿಗೆ ಏನಂತ ಮೇಲ್ ಹಾಕಿದ್ದೆ ಅಂತ. ಹೋಟ್ಲು ಹೆಸರು ಕೊಟ್ಟು ಬಂದೆ.