ನಿಮ್ಮ ಮಣ್ಣಿನ ತೂತುಗಳನ್ನು ನೋಡುವುದು ಹೇಗೆ?

ಒಳ್ಳೆಯ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ಬರೀ ತೂತು. ಗಾಳಿ, ನೀರು, ಬೇರು ಎಲ್ಲವೂ ಓಡಾಡುವುದು ಅಲ್ಲೇ. ಗೊಬ್ಬರದ ಲೆಕ್ಕ ಹಾಕುವ ಮೊದಲು ಇವನ್ನು ನೋಡಬೇಕಲ್ವಾ? ಒಂದು ಸಲಿಕೆ ಸಾಕು.

ಮೊದಲು ಮಣ್ಣು ಯಾವುದೆಂದು ತಿಳಿಯಿರಿ. ಒದ್ದೆ ಮಣ್ಣನ್ನು ಹೆಬ್ಬೆರಳಿನಿಂದ ತೋರುಬೆರಳ ಮೇಲೆ ತೀಡಿ. ಉದ್ದ ಪಟ್ಟಿಯಾಗಿ ಬಂದರೆ ಜೇಡಿ, ಉದುರಿದರೆ ಮರಳು. ಮರಳಿನ ತೂತು ದೊಡ್ಡವು, ನೀರು ನಿಲ್ಲುವುದಿಲ್ಲ. ಜೇಡಿಯಲ್ಲಿ ಒಟ್ಟು ತೂತಿನ ಜಾಗ ಮರಳಿಗಿಂತ ಜಾಸ್ತಿ. ಆದರೆ ತೀರಾ ಸಣ್ಣವು. ಹಿಡಿದ ನೀರನ್ನು ಬೇರಿಗೂ ಪೂರ್ತಿ ಬಿಟ್ಟುಕೊಡುವುದಿಲ್ಲ.

ಮಳೆ ನಿಂತ ಎರಡು ಮೂರು ದಿನಕ್ಕೆ 30 ಸೆಂಟಿಮೀಟರ್ ಆಳದ ಗುಂಡಿ ತೆಗೆಯಿರಿ. ಪಕ್ಕದಿಂದ ಒಂದು ಹೋಳು ಎತ್ತಿ ಕೈಯಲ್ಲೇ ಮುರಿಯಿರಿ. ಕೊಯ್ದರೆ ತೂತು ಮೆತ್ತಿಕೊಂಡು ಕಾಣದಂತಾಗುತ್ತವೆ. ಕಾಳುಕಾಳಾಗಿ ಬಿಡಿಸಿಕೊಂಡರೆ ಖುಷಿಪಡಿ. ಚೂಪು ಮೂಲೆಯ ಹೆಂಟೆಗಳಾದರೆ ಮಣ್ಣು ಭಾರಕ್ಕೆ ಅಮುಕಿಹೋಗಿದೆ. ಎರೆಹುಳ ಕೊರೆದ ದಾರಿ, ಕೊಳೆತ ಬೇರು ಬಿಟ್ಟುಹೋದ ಕೊಳವೆ ಹುಡುಕಿ. ಜೋರು ಮಳೆಯ ನೀರು ಒಳಗಿಳಿಯುವುದು ಹೆಚ್ಚಾಗಿ ಇವುಗಳಿಂದಲೇ.

ಈಗ ಗುಂಡಿಯ ಗೋಡೆಗೆ ಚಾಕು ಚುಚ್ಚುತ್ತಾ ಕೆಳಗಿಳಿಯಿರಿ. 15ರಿಂದ 25 ಸೆಂಟಿಮೀಟರ್ ನಡುವೆ ಥಟ್ಟನೆ ಗಟ್ಟಿಯಾಯಿತೇ? ವರ್ಷವೂ ಒಂದೇ ಆಳಕ್ಕೆ ಉತ್ತದ್ದರಿಂದ, ಟ್ರ್ಯಾಕ್ಟರ್ ಭಾರದಿಂದ ಕಟ್ಟಿಕೊಂಡ ಪದರ ಅದು. ಅಲ್ಲಿಗೆ ಬಂದ ಬೇರು ಅಡ್ಡಕ್ಕೆ ತಿರುಗಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಲೆಕ್ಕ ಬೇಕೆನ್ನುವವರು ಅಳತೆ ಗೊತ್ತಿರುವ ಡಬ್ಬಿಯನ್ನು ಮಣ್ಣಿಗಿಳಿಸಿ, ತುಂಬಿದ ಮಣ್ಣನ್ನು 105 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿ ತೂಗಿ. ಒಂದು ಘನ ಸೆಂಟಿಮೀಟರಿಗೆ 1.33 ಗ್ರಾಂ ಬಂದರೆ ತೂತು ಶೇ 50ರಷ್ಟು. 1.6 ಬಂದರೆ ಶೇ 40ರಷ್ಟು. ಮರಳಿಗೆ ಅದು ನಡೆಯುತ್ತದೆ, ಜೇಡಿಯಲ್ಲಿ ಬೇರು ಇಳಿಯುವುದೇ ಕಷ್ಟ.

ಮಣ್ಣಿನ ಜಾತಿ ಬದಲಾಗದು, ತೂತು ಬದಲಾಗುತ್ತವೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಹದ ನೋಡಿ ಉಳುವುದು. ನೇಗಿಲಿಳಿಯುವ ಆಳದ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್ ದಪ್ಪದ ದಾರವಾಗಿಯೂ ತುಂಡಾಗದಿದ್ದರೆ ಇನ್ನೂ ಹಸಿ, ಅಂದು ಹೊಲಕ್ಕೆ ಗಾಡಿ ಇಳಿಸಲೇಬೇಡಿ. ಮರಳಿಗೆ ಕಾಂಪೋಸ್ಟ್ ಕೊಡುತ್ತಲೇ ಇರಿ. ಗಟ್ಟಿ ಪದರವನ್ನು ಒಣಗಿದಾಗ ಆಳವಾಗಿ ಸೀಳಿ, ಕೂಡಲೇ ಆಳ ಬೇರಿನ ಬೆಳೆ ಹಾಕಿ. ಸುಮ್ನೆ ಬಿಟ್ಟರೆ ಮತ್ತೆ ಕೂತುಬಿಡುತ್ತದೆ.

ಉಳುಮೆಯನ್ನೇ ಬಿಟ್ಟವರ ಹೊಲ ಮೊದಲ ವರ್ಷಗಳಲ್ಲಿ ಇನ್ನಷ್ಟು ಗಟ್ಟಿ ಅನಿಸಬಹುದು. ಗಾಬರಿ ಬೇಡ. ಹುಳ, ಬೇರುಗಳ ದಾರಿ ಕಡಿಯದೆ ಕೆಳಗಿನವರೆಗೂ ಬೆಳೆಯಲು ಸಮಯ ಬೇಕು. ಮುಂದಿನ ವರ್ಷ ಇದೇ ಗುಂಡಿಯ ಪಕ್ಕ ಇನ್ನೊಂದು ತೆಗೆದು ನೋಡಿ.